ಇರುವೆಗೆ ಬೀಳುವ ಭಯವಿಲ್ಲ, ಹನಿಯ ಭಯವಿದೆ

ಆನೆಗೆ ಆನೆ ಭಾರ, ಇರುವೆಗೆ ಇರುವೆ ಭಾರ ಎನ್ನುವ ಗಾದೆ ನಿಮಗೆಲ್ಲ ಗೊತ್ತು. ಬದುಕಿನ ಕಷ್ಟಸುಖದ ಮಾತಿಗೆ ಅದು ಸರಿಯಾದ ಗಾದೆ. ಅದನ್ನೇ ತಕ್ಕಡಿಯ ಭಾರಕ್ಕೆ ತಂದು ನೋಡಿದರೆ ಮಾತ್ರ ಅರ್ಧವಷ್ಟೇ ನಿಲ್ಲುತ್ತದೆ. ಆನೆಗೆ ಆನೆ ಭಾರ, ಹೌದು. ಎಷ್ಟು ಭಾರವೆಂದರೆ ಅದು ನೆಗೆಯಲಾರದು. ಇರುವೆಗೆ ತನ್ನ ಮೈ ಭಾರವೇ ಅಲ್ಲ. ಅದಕ್ಕೆ ಭಾರವಾಗುವುದು ಇನ್ನೊಂದು, ಒಂದೇ ಒಂದು ಹನಿ ನೀರು. ದೇಹದ ಅಳತೆ ಬದಲಾದರೆ ಆ ದೇಹವನ್ನು ಆಳುವ ಬಲವೂ ಬದಲಾಗುತ್ತದೆ. ಹಲ್ಲಿ, ಸೊಳ್ಳೆ, ಬೆಕ್ಕು, ಚಿಗಟ ಇವುಗಳ ಬಗ್ಗೆ ನಾವು ಕೇಳುವ ಎಷ್ಟೋ ವಿಚಿತ್ರ ಸಂಗತಿಗಳು ಬಿಡಿಬಿಡಿ ಅಚ್ಚರಿಗಳಲ್ಲ, ಒಂದೇ ಲೆಕ್ಕದಿಂದ ಹೊರಟು ಬಂದವು.

ಮೇಜಿನ ಅಂಚಿನಲ್ಲಿ ಒಂದು ಇರುವೆ ಓಡಾಡುತ್ತಿದೆ. ಅದರ ಉದ್ದ ಅರ್ಧ ಸೆಂಟಿಮೀಟರ್, ಮೇಜಿನ ಎತ್ತರ 75 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಅದು ಕೆಳಗೆ ಬಿದ್ದರೆ ತನ್ನ ಮೈಯುದ್ದದ 150 ಪಟ್ಟು ಎತ್ತರದಿಂದ ಬಿದ್ದ ಹಾಗಾಯಿತು. ನಮ್ಮ ಅಳತೆಗೆ ಹೇಳುವುದಾದರೆ ಸುಮಾರು 250 ಮೀಟರ್, ಅಂದರೆ ಎಪ್ಪತ್ತು ಎಂಬತ್ತು ಮಹಡಿಯ ಕಟ್ಟಡ. ಇರುವೆ ನೆಲಕ್ಕೆ ಬಿದ್ದು, ಮೀಸೆ ಒರೆಸಿಕೊಂಡು, ತನ್ನ ದಾರಿ ಹಿಡಿದು ಹೋಗುತ್ತದೆ. ಯಾಕೆ?

ಉತ್ತರಕ್ಕೆ ದೊಡ್ಡ ಗಣಿತ ಬೇಡ. ಒಂದು ಸೆಂಟಿಮೀಟರ್ ಬದಿಯ ಒಂದು ಚೌಕದ ತುಂಡನ್ನು ಮನಸ್ಸಿಗೆ ತಂದುಕೊಳ್ಳಿ, ಪಗಡೆಯ ದಾಳದ ಹಾಗೆ. ಅದಕ್ಕೆ ಆರು ಮುಖ, ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್, ಒಳಗಿನ ಗಾತ್ರ 1 ಘನ ಸೆಂಟಿಮೀಟರ್. ಈಗ ಬದಿಯನ್ನು ಎರಡು ಸೆಂಟಿಮೀಟರ್ ಮಾಡಿ. ಮೇಲ್ಮೈ 24 ಆಯಿತು, ನಾಲ್ಕು ಪಟ್ಟು. ಗಾತ್ರ 8 ಆಯಿತು, ಎಂಟು ಪಟ್ಟು. ಬದಿ ಹತ್ತು ಸೆಂಟಿಮೀಟರ್ ಆದರೆ ಮೇಲ್ಮೈ 600, ಗಾತ್ರ 1000. ಮೊದಲನೆಯದರಲ್ಲಿ ಪ್ರತಿ ಘನ ಸೆಂಟಿಮೀಟರಿಗೂ 6 ಚದರ ಸೆಂಟಿಮೀಟರ್ ಹೊರಮೈ ಇತ್ತು. ಕೊನೆಯದರಲ್ಲಿ ಒಂದೂ ಇಲ್ಲ, 0.6 ಮಾತ್ರ. ಬೆಳೆದಷ್ಟೂ ಒಡಲು ಹೆಚ್ಚು, ತೊಗಲು ಕಡಿಮೆ. ತರಕಾರಿ ಸಣ್ಣಗೆ ಹೆಚ್ಚಿದರೆ ಬೇಗ ಬೇಯುವುದೂ, ಮರದ ದಿಮ್ಮಿಗೆ ಕಡ್ಡಿ ಗೀರಿ ಹಿಡಿದರೆ ಹತ್ತದ ಬೆಂಕಿ ಅದೇ ಮರದ ಹೊಟ್ಟಿಗೆ ಭಗ್ಗನೆ ಹತ್ತುವುದೂ ಇದರಿಂದಲೇ.

ಇದನ್ನು ಪ್ರಾಣಿಗಳಿಗೆ ಹೊಂದಿಸುವಾಗ ಒಂದು ಮಾತು ನೆನಪಿಟ್ಟುಕೊಳ್ಳಿ. ತೂಕ ಗಾತ್ರದ ಜೊತೆ ಹೋಗುತ್ತದೆ. ಗಾಳಿಯ ತಡೆ, ಚರ್ಮದಿಂದ ಸೋರಿಹೋಗುವ ಶಾಖ, ಮೈಗೆ ಅಂಟುವ ನೀರು ಇವೆಲ್ಲ ಮೇಲ್ಮೈಯ ಜೊತೆ ಹೋಗುತ್ತವೆ. ಸ್ನಾಯುವಿನ ಎಳೆಯುವ ಶಕ್ತಿ, ಮೂಳೆ ಹೊರುವ ಭಾರ ಅವುಗಳ ದಪ್ಪದ ಜೊತೆ, ಅಂದರೆ ಅಡ್ಡ ಕತ್ತರಿಸಿದರೆ ಕಾಣುವ ವಿಸ್ತಾರದ ಜೊತೆ ಹೋಗುತ್ತವೆ. ಇಷ್ಟು ಸಾಕು.

ಬೀಳುವ ಯಾವ ವಸ್ತುವಿನ ವೇಗವೂ ಏರುತ್ತಲೇ ಇರುವುದಿಲ್ಲ. ಗಾಳಿಯ ತಡೆ ತೂಕಕ್ಕೆ ಸಮವಾದ ಕ್ಷಣದಿಂದ ಅದು ಒಂದೇ ವೇಗದಲ್ಲಿ ಇಳಿಯುತ್ತದೆ. ಕೈಕಾಲು ಚಾಚಿ ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನಿಗೆ ಆ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಬೆಕ್ಕಿಗೆ ಅದರ ಅರ್ಧದಷ್ಟು, 100ರ ಆಸುಪಾಸು. ಇರುವೆಗೆ ಗಂಟೆಗೆ ಆರು ಕಿಲೋಮೀಟರಿನ ಹತ್ತಿರ, ನಾವು ಬಿರುಸಾಗಿ ಹೆಜ್ಜೆ ಹಾಕುವಷ್ಟು. ಮೇಜಿನಿಂದ ಬಿದ್ದರೂ ಮೋಡದಿಂದ ಬಿದ್ದರೂ ಇರುವೆ ಅದಕ್ಕಿಂತ ಜೋರಾಗಿ ನೆಲಕ್ಕೆ ಬಡಿಯುವುದೇ ಇಲ್ಲ. ಗಾಳಿಯೇ ಅದಕ್ಕೆ ಕೊಡೆ.

ಬೆಕ್ಕಿನ ಮಾತು ಬಂದದ್ದರಿಂದ ಸ್ವಲ್ಪ ಪಕ್ಕಕ್ಕೆ ಹೋಗೋಣ. ಬೆಕ್ಕು ಬೆನ್ನು ಕೆಳಗಾಗಿ ಬಿದ್ದರೂ ಕಾಲೂರಿ ಇಳಿಯುತ್ತದೆ. ಗಾಳಿಯಲ್ಲಿ ಒದ್ದುಕೊಳ್ಳಲು ಏನೂ ಇಲ್ಲದಿರುವಾಗ ಅದು ಹೇಗೆ ತಿರುಗುತ್ತದೆ ಎನ್ನುವುದು ವಿಜ್ಞಾನಿಗಳಿಗೂ ಬಹಳ ಕಾಲ ಒಗಟಾಗಿತ್ತು. ಎತಿಯೆನ್ ಜೂಲ್ ಮಾರೆ ಎಂಬ ಫ್ರೆಂಚ್ ವಿಜ್ಞಾನಿ 1894ರಲ್ಲಿ ಬೀಳುವ ಬೆಕ್ಕಿನ ಸಾಲುಚಿತ್ರಗಳನ್ನು ತೆಗೆದು ತೋರಿಸಿದ ಮೇಲೆ ವಿಷಯ ಬಿಡಿಸಿಕೊಂಡಿತು. ಬೆಕ್ಕು ಮೊದಲು ಸೊಂಟದಲ್ಲಿ ಬಾಗುತ್ತದೆ, ಮುಂದಿನ ಅರ್ಧ ಹಿಂದಿನ ಅರ್ಧ ಎರಡು ಬೇರೆ ತುಂಡುಗಳೋ ಎನ್ನುವ ಹಾಗೆ. ಮುಂಗಾಲುಗಳನ್ನು ಮೈಗೆ ಒತ್ತಿ ಹಿಂಗಾಲುಗಳನ್ನು ಚಾಚುತ್ತದೆ. ಆಗ ಮುಂದಿನ ಅರ್ಧ ಸರ್ರನೆ ತಿರುಗುತ್ತದೆ, ಹಿಂದಿನ ಅರ್ಧ ಎದುರು ದಿಕ್ಕಿಗೆ ಕೊಂಚ ಮಾತ್ರ ಸರಿಯುತ್ತದೆ. ಆಮೇಲೆ ಉಲ್ಟಾ: ಮುಂಗಾಲು ಚಾಚಿ, ಹಿಂಗಾಲು ಮಡಚಿ, ಹಿಂಭಾಗವನ್ನು ತಿರುಗಿಸಿಕೊಳ್ಳುತ್ತದೆ. ಇದಕ್ಕೆ ಅರೆ ಗಳಿಗೆಯೂ ಬೇಕಿಲ್ಲ, ಆದರೂ ಸ್ವಲ್ಪ ಎತ್ತರ ಬೇಕೇ ಬೇಕು. ತೀರಾ ತಗ್ಗಿನಿಂದ ಜಾರಿದ ಬೆಕ್ಕಿಗೆ ತಿರುಗಲು ಪುರಸತ್ತು ಸಿಗದೆ ಪೆಟ್ಟಾಗುವುದುಂಟು.

ಇಲ್ಲಿ ಒಂದು ಎಚ್ಚರಿಕೆ. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕುಳಿದವು. ಏಳನೆಯ ಮಹಡಿಗಿಂತ ಮೇಲಿನಿಂದ ಬಿದ್ದವುಗಳಿಗೆ ಗಾಯ ಕಡಿಮೆ ಎಂದೂ ಅದರಲ್ಲಿ ಕಂಡಿತು. ಈ ಅಂಕಿ ಅಂದಿನಿಂದ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಆದರೆ ಯೋಚಿಸಿ, ಆಸ್ಪತ್ರೆಗೆ ಎತ್ತಿಕೊಂಡು ಬರುವುದು ಯಾವ ಬೆಕ್ಕನ್ನು? ಉಸಿರಾಡುತ್ತಿರುವುದನ್ನು. ನೆಲಕ್ಕೆ ಬಿದ್ದಲ್ಲೇ ಸತ್ತದ್ದನ್ನು ಯಾರೂ ವೈದ್ಯರ ಬಳಿ ಒಯ್ಯುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಮನೆಯಲ್ಲಿ ಬೆಕ್ಕು ಸಾಕಿದವರು ಆ ತೊಂಬತ್ತನ್ನು ನಂಬಿ ಮೇಲಿನ ಮಹಡಿಯ ಕಿಟಕಿಯನ್ನು ಜಾಲರಿಯಿಲ್ಲದೆ ತೆರೆದಿಡಬೇಡಿ.

ಇನ್ನು ಬಲದ ವಿಷಯ. ಇರುವೆ ತನ್ನ ತೂಕದ ಹತ್ತಿಪ್ಪತ್ತು ಪಟ್ಟು ಹೊರುತ್ತದೆ, ಅದು ಮನುಷ್ಯನಷ್ಟು ದೊಡ್ಡದಾಗಿದ್ದರೆ ಲಾರಿಯನ್ನೇ ಎತ್ತುತ್ತಿತ್ತು ಎಂದು ಮಕ್ಕಳಿಗೆ ಹೇಳುತ್ತೇವೆ. ಲೆಕ್ಕ ಹಾಕಿ ನೋಡೋಣ. ಅರ್ಧ ಸೆಂಟಿಮೀಟರಿನ ಇರುವೆಯನ್ನು 300 ಪಟ್ಟು ಹಿಗ್ಗಿಸಿ ಒಂದೂವರೆ ಮೀಟರ್ ಮಾಡಿದೆವು. ತೂಕ 300ರ ಘನದಷ್ಟು, ಅಂದರೆ 2 ಕೋಟಿ 70 ಲಕ್ಷ ಪಟ್ಟು ಏರಿತು. 4 ಮಿಲಿಗ್ರಾಂ ಇದ್ದದ್ದು 108 ಕಿಲೋ ಆಯಿತು. ಕಾಲಿನ ಸ್ನಾಯು ಮತ್ತು ತೊಗಟೆಯ ಬಲ 300ರ ವರ್ಗದಷ್ಟು, 90 ಸಾವಿರ ಪಟ್ಟು ಮಾತ್ರ ಏರಿತು. ಅಂದರೆ ಮೈಭಾರದ ಎದುರು ಬಲ 300ರಲ್ಲಿ ಒಂದು ಪಾಲಿಗೆ ಇಳಿಯಿತು. ಮೊದಲು 20 ಪಟ್ಟು ಹೊರುತ್ತಿದ್ದದ್ದು ಈಗ ತನ್ನ ತೂಕದ ಹದಿನೈದರಲ್ಲಿ ಒಂದು ಪಾಲನ್ನೂ ಹೊರಲಾರದು. ಎದ್ದು ನಿಲ್ಲುವುದೇ ಆಗದ ಮಾತು. ಅದಕ್ಕೂ ಮೊದಲು ಉಸಿರು ಕಟ್ಟುತ್ತದೆ. ಇರುವೆಗೆ ನಮ್ಮಂತೆ ಪುಪ್ಪುಸವಿಲ್ಲ, ಮೈಯ ಪಕ್ಕದ ಸಣ್ಣ ತೂತುಗಳಿಂದ ಕೂದಲೆಳೆಯಂಥ ನಳಿಗೆಗಳು ಒಳಗೆ ಹೋಗಿ ಗಾಳಿಯನ್ನು ನೇರ ಜೀವಕೋಶಗಳಿಗೆ ಮುಟ್ಟಿಸುತ್ತವೆ. ಮಿಲಿಮೀಟರ್ ದೂರಕ್ಕೆ ಅದು ಸೊಗಸಾದ ಏರ್ಪಾಡು, ಅರ್ಧ ಮೀಟರ್ ದೂರಕ್ಕೆ ನಿಷ್ಪ್ರಯೋಜಕ.

ಚಿಗಟದ ನೆಗೆತಕ್ಕೂ ಇಂಥದೇ ಕಥೆ ಕಟ್ಟಿದ್ದಾರೆ. ಎರಡು ಮೂರು ಮಿಲಿಮೀಟರಿನ ಚಿಗಟ 20 ಸೆಂಟಿಮೀಟರಿನ ಹತ್ತಿರ ನೆಗೆಯುತ್ತದೆ, ಮೈಯುದ್ದದ ಹಲವು ಹತ್ತು ಪಟ್ಟು. ನಾವು ಆ ಪ್ರಮಾಣದಲ್ಲಿ ನೆಗೆದರೆ ಗೋಪುರ ದಾಟುತ್ತಿದ್ದೆವಂತೆ. ಇದು ತಪ್ಪು. ಒಂದು ಗ್ರಾಂ ಸ್ನಾಯು ಒಂದು ಸಲ ಕುಗ್ಗಿದಾಗ ಕೊಡುವ ಶಕ್ತಿ ಚಿಗಟದಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ಮೈ ದೊಡ್ಡದಾದರೆ ಸ್ನಾಯುವೂ ಅಷ್ಟೇ ಹೆಚ್ಚು, ಎತ್ತಬೇಕಾದ ತೂಕವೂ ಅಷ್ಟೇ ಹೆಚ್ಚು. ಹಾಗಾಗಿ ನೆಗೆತದ ಎತ್ತರಕ್ಕೂ ಮೈಯ ಅಳತೆಗೂ ದೊಡ್ಡ ನಂಟೇ ಇಲ್ಲ. ನಿಂತಲ್ಲೇ ನೆಗೆಯುವ ಮನುಷ್ಯ ತನ್ನ ಮೈಭಾರವನ್ನು ಅರ್ಧ ಮೀಟರ್ ಮೇಲೆತ್ತುತ್ತಾನೆ. ಚಿಗಟ ಅದರ ಅರ್ಧದಷ್ಟೂ ಏರುವುದಿಲ್ಲ, ಗಾಳಿಯ ತಡೆಯೂ ಅದಕ್ಕೊಂದು ಕಾರಣ. ನಿಜವಾದ ಅಚ್ಚರಿ ಎತ್ತರದಲ್ಲಿಲ್ಲ, ವೇಗದಲ್ಲಿದೆ. ಅಷ್ಟು ಚೋಟು ಕಾಲು ನೆಲ ಬಿಡುವ ಮುನ್ನ ತಳ್ಳಲು ಸಿಗುವ ಸಮಯ ಸುಮಾರು ಒಂದು ಮಿಲಿಸೆಕೆಂಡ್. ಯಾವ ಸ್ನಾಯುವೂ ಅಷ್ಟು ಬೇಗ ಕುಗ್ಗಲಾರದು. ಅದಕ್ಕೇ ಚಿಗಟ ಮೊದಲು ನಿಧಾನವಾಗಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನಿನ ಸ್ಪ್ರಿಂಗನ್ನು ಒತ್ತಿ ಹಿಡಿದಿಟ್ಟು, ಆಮೇಲೆ ಕೊಂಡಿ ಬಿಡುತ್ತದೆ. ಬಿಲ್ಲಿಗೆ ಬಾಣ ಹೂಡಿದ ಹಾಗೆ.

ದೊಡ್ಡವುಗಳ ಕಡೆಯ ಲೆಕ್ಕವನ್ನು ಗೆಲಿಲಿಯೊ 1638ರಲ್ಲೇ ಬರೆದಿಟ್ಟಿದ್ದ. ಒಂದು ಮೂಳೆ, ಪಕ್ಕದಲ್ಲಿ ಅದರ ಮೂರು ಪಟ್ಟು ಉದ್ದದ ಇನ್ನೊಂದು ಮೂಳೆ, ಹೀಗೆ ಚಿತ್ರ ಬರೆದು, ಎರಡನೆಯದು ಅದೇ ಕೆಲಸ ಮಾಡಬೇಕಾದರೆ ಮೂರು ಪಟ್ಟು ದಪ್ಪ ಸಾಲದು, ಇನ್ನೂ ಬಹಳ ದಪ್ಪಗಿರಬೇಕು ಎಂದು ತೋರಿಸಿದ. ಇಲಿಯ ಕಾಲು ಕಡ್ಡಿಯಂತೆ ಇದ್ದರೂ ನಡೆಯುತ್ತದೆ, ಆನೆಯ ಕಾಲು ಕಂಬವೇ ಆಗಬೇಕು. ಇಲಿ ಮೊಣಕಾಲು ಮಡಚಿಕೊಂಡೇ ಓಡಾಡುತ್ತದೆ. ಆನೆ ಕಾಲನ್ನು ನೆಟ್ಟಗೆ ಇಟ್ಟು ಭಾರವನ್ನು ಮೂಳೆಯ ಮೇಲೆ ನೇರ ಇಳಿಸುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಧಾವಿಸುವಾಗಲೂ ಅದರ ನಾಲ್ಕೂ ಪಾದಗಳು ಒಟ್ಟಿಗೆ ನೆಲ ಬಿಡುವುದಿಲ್ಲ.

ಈಗ ಗೋಡೆಯ ಕಡೆ ನೋಡಿ, ಹಲ್ಲಿ ಇದ್ದೇ ಇರುತ್ತದೆ. ಅದರ ಪಾದದಲ್ಲಿ ಅಂಟಿಲ್ಲ, ಹೀರುವ ಬಟ್ಟಲಿಲ್ಲ. ಬೆರಳಿನ ಅಡಿಯಲ್ಲಿ ಅಡ್ಡ ಮಡಿಕೆಗಳಿವೆ, ಆ ಮಡಿಕೆಗಳ ತುಂಬ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉದ್ದದ ಕೂದಲುಗಳಿವೆ. ಟೋಕೇ ಎಂಬ ದೊಡ್ಡ ಜಾತಿಯ ಹಲ್ಲಿಯಲ್ಲಿ ಒಂದೊಂದು ಪಾದಕ್ಕೆ ಲಕ್ಷಗಟ್ಟಲೆ. ಪ್ರತಿ ಕೂದಲಿನ ತುದಿಯೂ ಪೊರಕೆಯಂತೆ ನೂರಾರು ಎಳೆಗಳಾಗಿ ಸೀಳಿದೆ. ಆ ಎಳೆಗಳ ಚಪ್ಪಟೆ ತುದಿಗಳು ಗೋಡೆಗೆ ಎಷ್ಟು ಹತ್ತಿರ ಹೋಗುತ್ತವೆಂದರೆ, ಅಣುಗಳ ನಡುವೆ ಇರುವ ವಾನ್ ಡರ್ ವಾಲ್ಸ್ ಎಂಬ ಸಣ್ಣ ಸೆಳೆತವೇ ಅವನ್ನು ಹಿಡಿದುಕೊಳ್ಳುತ್ತದೆ. 2000ನೇ ಇಸವಿಯಲ್ಲಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದರು. ಸುಮಾರು 200 ಮೈಕ್ರೋನ್ಯೂಟನ್, ಅಂದರೆ 20 ಮಿಲಿಗ್ರಾಂ ತೂಗುವಷ್ಟು. ಒಂದು ಇರುವೆಯನ್ನು ಎತ್ತಲು ಒಂದೇ ಕೂದಲು ಸಾಕಾಯಿತಲ್ಲ.

ಇಷ್ಟು ಗಟ್ಟಿಯಾಗಿ ಹಿಡಿದ ಪಾದವನ್ನು ಬಿಡಿಸಿಕೊಳ್ಳುವುದು ಹೇಗೆ? ಕೂದಲು ಒಂದು ಕೋನದಲ್ಲಿ ಎಳೆದಾಗ ಮಾತ್ರ ಹಿಡಿಯುತ್ತದೆ. ಮೇಲಕ್ಕೆ ಎತ್ತಿ ಕೋನ ಹೆಚ್ಚಿಸಿದರೆ, ಸುಮಾರು 30 ಡಿಗ್ರಿ ದಾಟುತ್ತಲೇ, ತಾನಾಗಿ ಬಿಟ್ಟುಕೊಳ್ಳುತ್ತದೆ. ಗಾಜಿನ ಕಿಟಕಿಯ ಆಚೆಗೆ ಹಲ್ಲಿ ನಡೆಯುವಾಗ ಈಚೆಯಿಂದ ಅದರ ಬೆರಳುಗಳನ್ನೇ ನೋಡಿ. ಹೆಜ್ಜೆ ಎತ್ತುವ ಮುನ್ನ ಬೆರಳುಗಳು ತುದಿಯಿಂದ ಹಿಂದಕ್ಕೆ, ನಮ್ಮ ಬೆರಳು ಮಡಚುವ ದಿಕ್ಕಿಗೆ ವಿರುದ್ಧವಾಗಿ, ಸುರುಳಿ ಬಿಚ್ಚಿಕೊಳ್ಳುತ್ತವೆ. ಪಟ್ಟಿಯನ್ನು ಒಂದು ಮೂಲೆಯಿಂದ ಸುಲಿಯುವ ಹಾಗೆ. ಈ ಹಿಡಿತಕ್ಕೆ ಪ್ರಾಣವೂ ಬೇಕಿಲ್ಲ, ಸತ್ತ ಹಲ್ಲಿಯ ಪಾದವೂ ಅಷ್ಟೇ ಗಟ್ಟಿಯಾಗಿ ಅಂಟುತ್ತದೆ. ಸೋಲುವುದು ಎರಡು ಕಡೆ. ಟೆಫ್ಲಾನ್ ಮೇಲೆ ಅದು ಜಾರುತ್ತದೆ, ಆ ವಸ್ತುವಿಗೆ ಸೆಳೆತವೇ ಅತಿ ಕಡಿಮೆ. ಒದ್ದೆ ಗಾಜಿನ ಮೇಲೂ ಜಾರುತ್ತದೆ, ಅಲ್ಲಿ ಪಾದಕ್ಕೂ ಗಾಜಿಗೂ ನಡುವೆ ನೀರಿನ ಪದರ ಕೂತುಬಿಡುತ್ತದೆ.

ಹಾಗಾದರೆ ಹಲ್ಲಿಗಿಂತ ಬಹಳ ದೊಡ್ಡ ಪ್ರಾಣಿ ಯಾವುದೂ ಯಾಕೆ ಹೀಗೆ ಅಂಟಿಕೊಂಡು ಗೋಡೆ ಹತ್ತುವುದಿಲ್ಲ? ಹಿಡಿತ ಪಾದದ ವಿಸ್ತಾರದ ಜೊತೆ ಹೋಗುತ್ತದೆ, ತೂಕ ಗಾತ್ರದ ಜೊತೆ. ಕೇಂಬ್ರಿಡ್ಜಿನ ಸಂಶೋಧಕರು 2016ರಲ್ಲಿ ಹುಳದಿಂದ ಹಲ್ಲಿಯವರೆಗೆ ನೂರಾರು ಜೀವಿಗಳನ್ನು ಅಳೆದು, ಮನುಷ್ಯ ಹೀಗೆ ಹತ್ತಬೇಕಾದರೆ ಮೈಯ ನೂರಕ್ಕೆ ನಲವತ್ತು ಭಾಗ ಅಂಟುಪಾದವೇ ಆಗಿರಬೇಕು ಎಂದು ಲೆಕ್ಕ ಕೊಟ್ಟರು. ನಮ್ಮ ಮೈಯ ಮುಂಭಾಗದಲ್ಲಿ ಮುಖ ಕೈ ಬಿಟ್ಟರೆ ಉಳಿಯುವುದೇ ಅಷ್ಟು.

ಇನ್ನು ಹನಿಗೆ ಬರೋಣ. ನೀರಿನ ಮೇಲ್ಮೈ ಒಂದು ಬಿಗಿದ ತೊಗಲಿನಂತೆ ವರ್ತಿಸುತ್ತದೆ. ಅಣುಗಳು ಒಂದನ್ನೊಂದು ಎಳೆಯುವುದರಿಂದ ಬರುವ ಆ ಬಿಗಿತಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಅದರ ಅಳತೆ ಒಂದು ಮೀಟರ್ ಅಂಚಿಗೆ 0.072 ನ್ಯೂಟನ್, ಅಂದರೆ ಸುಮಾರು ಏಳು ಗ್ರಾಂ ತೂಕ. ಗಮನಿಸಿ, ಈ ಬಲ ಗಾತ್ರದ ಜೊತೆಯೂ ಹೋಗುವುದಿಲ್ಲ, ಮೇಲ್ಮೈಯ ಜೊತೆಯೂ ಹೋಗುವುದಿಲ್ಲ. ಬರೀ ಉದ್ದದ ಜೊತೆ ಹೋಗುತ್ತದೆ. ಸೊಂಟದ ಮಟ್ಟ ನೀರಿನಲ್ಲಿ ನಿಂತ ನಿಮ್ಮ ಸುತ್ತ ಒಂದು ಮೀಟರಿಗೂ ಕಡಿಮೆ ಅಂಚಿದೆ, ಅದರ ಎಳೆತ ಏಳು ಗ್ರಾಂ ಮುಟ್ಟುವುದಿಲ್ಲ. ಅರವತ್ತು ಕಿಲೋ ಮೈಗೆ ಅದು ತಿಳಿಯುವುದೂ ಇಲ್ಲ. ಇರುವೆ ಎರಡು ಮಿಲಿಮೀಟರ್ ಅಂಚಿನಲ್ಲಿ ನೀರಿಗೆ ಅಂಟಿಕೊಂಡರೆ ಎಳೆತ ಸುಮಾರು 15 ಮಿಲಿಗ್ರಾಂ. ಇರುವೆಯ ತೂಕವೇ 4 ಮಿಲಿಗ್ರಾಂ. ತನ್ನ ಮೈಯ ಮೂರು ನಾಲ್ಕು ಪಟ್ಟು ಬಲದ ಕೈಯೊಂದು ಹಿಡಿದುಕೊಂಡ ಹಾಗೆ. ನೀರಿನಿಂದ ಹೊರಬಂದ ಮನುಷ್ಯನ ಮೈಮೇಲೆ ಕಾಲು ಮಿಲಿಮೀಟರ್ ದಪ್ಪದ ಪದರ ಉಳಿದರೆ ಅದು ಅರ್ಧ ಕಿಲೋಗಿಂತ ಕಡಿಮೆ. ಅದೇ ದಪ್ಪದ ನೀರು ಇರುವೆಯ ಮೈಗೆ ಮೆತ್ತಿದರೆ ಇರುವೆಗಿಂತ ನೀರೇ ಭಾರ.

ಇದನ್ನು ಕಣ್ಣಾರೆ ನೋಡಲು ಒಂದು ಬಟ್ಟಲು ನೀರು ಮತ್ತು ಹೊಲಿಗೆಯ ಸೂಜಿ ಸಾಕು. ಬಟ್ಟಲನ್ನು ಚೆನ್ನಾಗಿ ತೊಳೆದು ಸೋಪಿನ ಜಿಡ್ಡು ಒಂದಿಷ್ಟೂ ಇಲ್ಲದಂತೆ ನಾಲ್ಕೈದು ಸಲ ಬರೀ ನೀರಿನಲ್ಲಿ ಜಾಲಿಸಿ, ನೀರು ತುಂಬಿ, ಅಲುಗದಂತೆ ಇಡಿ. ಸೂಜಿಯನ್ನು ಒಣಬಟ್ಟೆಯಲ್ಲಿ ಒರೆಸಿ. ಎರಡು ಬೆರಳಗಲದ ತೆಳು ಟಿಶ್ಯೂ ಕಾಗದವನ್ನು ನೀರಿನ ಮೇಲೆ ತೇಲಿಬಿಟ್ಟು, ಅದರ ಮೇಲೆ ಸೂಜಿಯನ್ನು ಅಡ್ಡಲಾಗಿ ಮಲಗಿಸಿ. ಕಾಗದ ನೀರು ಕುಡಿಯುತ್ತದೆ. ಇನ್ನೊಂದು ಕಡ್ಡಿಯಿಂದ ಅದರ ಅಂಚುಗಳನ್ನು ಮೆಲ್ಲನೆ ಕೆಳಕ್ಕೆ ಒತ್ತಿದರೆ ಅದು ಮುಳುಗುತ್ತದೆ, ಸೂಜಿ ಮೇಲೇ ಉಳಿಯುತ್ತದೆ. ಬೆಳಕಿಗೆ ಓರೆಯಾಗಿ ನೋಡಿ, ಸೂಜಿಯ ಎರಡೂ ಬದಿಗೆ ನೀರು ಹಾಸಿಗೆಯಂತೆ ಕುಳಿಬಿದ್ದಿರುವುದು ಕಾಣುತ್ತದೆ. ಮೊದಲ ಸಲ ಮುಳುಗಿದರೆ ಕಾರಣ ಮೂರರಲ್ಲಿ ಒಂದು: ಸೂಜಿ ಒದ್ದೆಯಾಗಿತ್ತು, ತುದಿ ಮೊದಲು ನೀರಿಗೆ ಚುಚ್ಚಿತು, ಅಥವಾ ಬಟ್ಟಲಲ್ಲಿ ಸೋಪು ಉಳಿದಿತ್ತು.

ನಾಲ್ಕು ಸೆಂಟಿಮೀಟರ್ ಉದ್ದದ ಸೂಜಿಗೆ ಎರಡು ಬದಿ, ಒಟ್ಟು ಎಂಟು ಸೆಂಟಿಮೀಟರ್ ಅಂಚು. ನೀರು ಅದನ್ನು ಹೆಚ್ಚೆಂದರೆ 0.6 ಗ್ರಾಂವರೆಗೆ ಹೊರುತ್ತದೆ. ಮುಕ್ಕಾಲು ಮಿಲಿಮೀಟರಿಗೂ ತೆಳುವಾದ ಸೂಜಿ 0.12 ಗ್ರಾಂ ಇರುತ್ತದೆ, ಆರಾಮವಾಗಿ ತೇಲುತ್ತದೆ. ಅಷ್ಟೇ ಉದ್ದದ, ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿ ಒಂದು ಗ್ರಾಂ ತೂಗುತ್ತದೆ. ಅಂಚು ಅಷ್ಟೇ, ತೂಕ ಎಂಟು ಪಟ್ಟು, ಮುಳುಗದೆ ವಿಧಿಯಿಲ್ಲ. ಕೊನೆಗೆ ಬಟ್ಟಲಿನ ಅಂಚಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು ಮುಟ್ಟಿಸಿ. ಎಳೆತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸೂಜಿ ಮೊದಲು ಸೋಪಿನಿಂದ ದೂರಕ್ಕೆ ಸರ್ರನೆ ಓಡುತ್ತದೆ, ಸಾಮಾನ್ಯವಾಗಿ ಅದರ ಹಿಂದೆಯೇ ತಳ ಸೇರುತ್ತದೆ. ನೀರ ಮೇಲೆ ನಡೆಯುವ ಕೀಟಗಳ ಕಾಲಲ್ಲಿ ನೀರು ಹಿಡಿಯದ ಸಾವಿರಾರು ಸೂಕ್ಷ್ಮ ಕೂದಲುಗಳಿವೆ, ಒಂದೇ ಕಾಲು ಇಡೀ ಮೈಯ 15 ಪಟ್ಟು ತೂಕ ತಾಳುತ್ತದೆ. ಸೋಪಿನ ನೀರಿನಲ್ಲಿ ಅವೂ ಸೂಜಿಯ ಹಾಗೇ ಮುಳುಗುತ್ತವೆ. ಕೆರೆ ಹೊಳೆಗಳಲ್ಲಿ ಸೋಪು ಕದಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನೀರಿನಲ್ಲಿ ಸಿಕ್ಕಿಕೊಂಡ ಇರುವೆಯನ್ನೋ ಜೇನುಹುಳವನ್ನೋ ಉಳಿಸಬೇಕೆಂದಿದ್ದರೆ ಕಾಲು ರೆಕ್ಕೆ ಹಿಡಿದು ಎಳೆಯಬೇಡಿ, ನೀರಿನ ಹಿಡಿತ ಅದರ ಕಾಲಿಗಿಂತ ಬಲವಾದದ್ದು. ಕಾಗದದ ತುದಿಯನ್ನು ಅದರ ಅಡಿಗೆ ತೂರಿಸಿ ಎತ್ತಿ, ಒಣ ಕಾಗದದ ಮೇಲೆ ಬಿಡಿ. ಕಾಗದ ಹನಿಯನ್ನು ಹೀರಿದ ಕೂಡಲೇ ಆ ಹಿಡಿತ ಮಾಯ. ಒಂದೆರಡು ನಿಮಿಷದಲ್ಲಿ ಅದು ಕಾಲುಗಳನ್ನು ಒಂದೊಂದಾಗಿ ಉಜ್ಜಿಕೊಳ್ಳತೊಡಗುತ್ತದೆ.

ಹಾಗಾದರೆ ಮಳೆಯಲ್ಲಿ ಸೊಳ್ಳೆ ಹೇಗೆ ಬದುಕುತ್ತದೆ? ಸೊಳ್ಳೆಯ ತೂಕ ಸುಮಾರು 2 ಮಿಲಿಗ್ರಾಂ. ದಪ್ಪ ಮಳೆಹನಿ ಅದರ ಐವತ್ತು ಪಟ್ಟು ಇರಬಹುದು, ಬೀಳುವ ವೇಗ ಗಂಟೆಗೆ 30 ಕಿಲೋಮೀಟರ್. ಅರವತ್ತು ಕಿಲೋ ಮನುಷ್ಯನಿಗೆ ಮೂರು ಟನ್ ಬಂದು ಬಡಿದ ಹಾಗೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಡೇವಿಡ್ ಹು ಅವರ ತಂಡ 2012ರಲ್ಲಿ ಇದನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿತು. ಸೊಳ್ಳೆ ಎಷ್ಟು ಹಗುರವೆಂದರೆ ಹನಿಯನ್ನು ಅದು ತಡೆಯುವುದೇ ಇಲ್ಲ. ತಡೆಯದವರಿಗೆ ಪೆಟ್ಟೂ ಇಲ್ಲ. ಗಾಳಿಯಲ್ಲಿ ತೇಲುವ ಬಲೂನನ್ನು ಗುದ್ದಿದರೆ ಅದು ಒಡೆಯುತ್ತದೆಯೇ? ಹಾಗೆ. ಹನಿಯ ಜೊತೆ ತನ್ನ ಮೈಯುದ್ದದ 5ರಿಂದ 20 ಪಟ್ಟು ದೂರ ಕೆಳಗೆ ಹೋಗಿ, ನೀರು ಹತ್ತದ ಮೈಯ ಕೂದಲಿನ ದೆಸೆಯಿಂದ ಪಕ್ಕಕ್ಕೆ ಜಾರಿ ಹಾರಿಹೋಗುತ್ತದೆ. ಅಪಾಯವಿರುವುದು ನೆಲದ ಹತ್ತಿರ ಹಾರುವಾಗ. ಅಲ್ಲಿ ಜಾರಿಕೊಳ್ಳಲು ಜಾಗ ಸಾಲದು, ಹನಿ ಅದನ್ನು ನೆಲಕ್ಕೇ ಅಪ್ಪಳಿಸುತ್ತದೆ.

ಒದ್ದೆ ನಾಯಿ ಮೈ ಕೊಡವುವುದನ್ನೂ ಇದೇ ತಂಡ ಅಳೆದಿದೆ. ಇಲಿಮರಿಯಂಥ ಚಿಟ್ಟಿಲಿ ಸೆಕೆಂಡಿಗೆ ಸುಮಾರು 30 ಸಲ ಕೊಡವುತ್ತದೆ, ದೊಡ್ಡ ನಾಯಿ ನಾಲ್ಕೈದು ಸಲ, ಕರಡಿ ನಾಲ್ಕು ಸಲ. ಮೈಯ ಸುತ್ತಳತೆ ಚಿಕ್ಕದಾದಷ್ಟೂ ಹನಿಯನ್ನು ಎಸೆಯುವ ಬಲ ಕಡಿಮೆ, ಆ ಕೊರತೆಯನ್ನು ವೇಗದಿಂದಲೇ ತುಂಬಿಕೊಳ್ಳಬೇಕು. ನಾಯಿಯ ಚರ್ಮ ಸಡಿಲವಾಗಿರುವುದರಿಂದ ಬೆನ್ನುಮೂಳೆ ಎಷ್ಟು ಹೊರಳುತ್ತದೋ ಅದರ ಹಲವು ಪಟ್ಟು ಚರ್ಮ ಹೊರಳುತ್ತದೆ. ಕೊಡವದೆ ಹಾಗೇ ಒಣಗಲು ಬಿಟ್ಟರೆ ನಷ್ಟ ಎಷ್ಟು ಗೊತ್ತೇ? 27 ಕಿಲೋ ನಾಯಿಯ ಮೈಯಲ್ಲಿ ಅರ್ಧ ಕಿಲೋ ನೀರಿದ್ದರೆ, ಅದನ್ನು ಮೈಶಾಖದಿಂದಲೇ ಆವಿ ಮಾಡಲು ಒಂದು ದಿನದ ಆಹಾರದ ಐದರಲ್ಲಿ ಒಂದು ಪಾಲು ಕರಗಿಹೋಗುತ್ತದೆ.

ಶಾಖದ ಲೆಕ್ಕ ಚಿಕ್ಕ ದೇಹಗಳಿಗೆ ಇನ್ನೂ ಕ್ರೂರ. ಎಟ್ರಸ್ಕನ್ ಸೊಂಡಿಲಿ ಎಂಬ ಪ್ರಾಣಿ 2 ಗ್ರಾಂ ತೂಗುತ್ತದೆ. ಅದರ ಹೃದಯ ನಿಮಿಷಕ್ಕೆ 1500 ಸಲದವರೆಗೂ ಬಡಿಯುತ್ತದೆ, ದಿನಕ್ಕೆ ತನ್ನ ತೂಕದ ಎರಡು ಪಟ್ಟಿನಷ್ಟು ತಿನ್ನುತ್ತದೆ, ಕೆಲವು ಗಂಟೆ ಉಪವಾಸ ಬಿದ್ದರೆ ಸಾಯುತ್ತದೆ. ಬಾವಲಿಗಳಲ್ಲಿ ಅತಿ ಚಿಕ್ಕದು ಸುಮಾರು 2 ಗ್ರಾಂ, ಹಕ್ಕಿಗಳಲ್ಲಿ ಅತಿ ಚಿಕ್ಕದಾದ ಝೇಂಕಾರದ ಹಕ್ಕಿಯೂ ಸುಮಾರು 2 ಗ್ರಾಂ. ಮೂರು ಬೇರೆಬೇರೆ ವಂಶಗಳು ಒಂದೇ ಗೆರೆಯ ಮುಂದೆ ಬಂದು ನಿಂತಿವೆ. ಅದಕ್ಕಿಂತ ಕಿರಿದಾದರೆ ತಿಂದದ್ದೆಲ್ಲ ಚರ್ಮದಿಂದಲೇ ಸೋರಿಹೋಗುತ್ತದೆ. ಮನುಷ್ಯರ ಮನೆಯಲ್ಲೇ ಇದರ ಉದಾಹರಣೆ ಇದೆ. 3 ಕಿಲೋ ಹಸುಗೂಸಿಗೆ ಒಂದು ಕಿಲೋ ಮೈಗೆ ಸುಮಾರು 670 ಚದರ ಸೆಂಟಿಮೀಟರ್ ಚರ್ಮ. 60 ಕಿಲೋ ದೊಡ್ಡವರಿಗೆ 275. ನಮಗೆ ಹಿತವೆನಿಸುವ ಕೋಣೆಯಲ್ಲಿ ಒದ್ದೆ ಮೈಯ ಕೂಸು ತಣ್ಣಗಾಗುವುದು ಇದಕ್ಕೇ. ಹುಟ್ಟಿದ ಕೂಡಲೇ ಒರೆಸಿ ಒಣಗಿಸಬೇಕು, ತಲೆ ಮುಚ್ಚಬೇಕು, ಕೂಸಿನ ಚರ್ಮದಲ್ಲಿ ತಲೆಯ ಪಾಲು ದೊಡ್ಡದು.

ಹೃದಯದ ಬಡಿತದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಿಮಿಷಕ್ಕೆ 600ರಂತೆ ಎರಡು ವರ್ಷ ಬಾಳುವ ಚಿಟ್ಟಿಲಿಗೆ 63 ಕೋಟಿ ಬಡಿತ. ನಿಮಿಷಕ್ಕೆ 30ರಂತೆ ಅರವತ್ತು ವರ್ಷ ಬಾಳುವ ಆನೆಗೆ 95 ಕೋಟಿ. ಆಯಸ್ಸಿನಲ್ಲಿ ಮೂವತ್ತು ಪಟ್ಟು ಅಂತರ, ಬಡಿತದಲ್ಲಿ ಎರಡು ಪಟ್ಟೂ ಇಲ್ಲ. ಮನುಷ್ಯ ಇಲ್ಲಿ ಸಾಲು ತಪ್ಪಿದವನು. ನಿಮಿಷಕ್ಕೆ 70ರಂತೆ ಎಪ್ಪತ್ತು ವರ್ಷಕ್ಕೆ 257 ಕೋಟಿ.

ಹಾಗಾದರೆ ಭೂಮಿಯ ಸೆಳೆತ ಆಳುವ ಲೋಕ ಎಲ್ಲಿ ಮುಗಿಯುತ್ತದೆ, ಹನಿ ಆಳುವ ಲೋಕ ಎಲ್ಲಿ ಶುರುವಾಗುತ್ತದೆ? ಅದಕ್ಕೊಂದು ಅನಿರೀಕ್ಷಿತ ಉತ್ತರ ಮೂತ್ರದಿಂದ ಸಿಕ್ಕಿದೆ. ಮತ್ತೆ ಡೇವಿಡ್ ಹು ಅವರ ತಂಡವೇ, 2014ರಲ್ಲಿ, ಮೃಗಾಲಯದ ಪ್ರಾಣಿಗಳು ಮೂತ್ರ ಮಾಡುವುದನ್ನು ಗಡಿಯಾರ ಹಿಡಿದು ಅಳೆಯಿತು. ಮೂರು ಕಿಲೋಗಿಂತ ಹೆಚ್ಚು ತೂಗುವ ಸಸ್ತನಿಗಳಿಗೆಲ್ಲ ಮೂತ್ರಕೋಶ ಖಾಲಿ ಮಾಡಲು ಸರಾಸರಿ 21 ಸೆಕೆಂಡ್, ಹದಿಮೂರು ಸೆಕೆಂಡ್ ಆಚೀಚೆ. ಬೆಕ್ಕಿನ ಮೂತ್ರಕೋಶದಲ್ಲಿ 5 ಮಿಲಿಲೀಟರ್, ಆನೆಯದರಲ್ಲಿ 18 ಲೀಟರ್. ಮೂರು ಸಾವಿರದ ಆರುನೂರು ಪಟ್ಟು ಅಂತರವಿದ್ದರೂ ಸಮಯ ಹೆಚ್ಚುಕಡಿಮೆ ಅದೇ. ಗುಟ್ಟಿರುವುದು ನಾಳದ ಉದ್ದದಲ್ಲಿ. ಆನೆಯ ಮೂತ್ರನಾಳ ಒಂದು ಮೀಟರ್ ಉದ್ದ. ನಳಿಗೆ ಉದ್ದವಾದಷ್ಟೂ ಅದರೊಳಗಿನ ದ್ರವದ ಭಾರ ಕೆಳಗಿನದನ್ನು ಹೆಚ್ಚು ಒತ್ತುತ್ತದೆ, ಎತ್ತರದ ತೊಟ್ಟಿಯ ನಲ್ಲಿಯಲ್ಲಿ ನೀರು ಜೋರಾಗಿ ಬರುವ ಹಾಗೆ. ನಾಳ ದಪ್ಪವೂ ಹೌದು, ಹರಿವು ರಭಸವೂ ಹೌದು, ಅದರಿಂದ ದೊಡ್ಡ ಚೀಲ ಸಣ್ಣ ಚೀಲದಷ್ಟೇ ಬೇಗ ಬರಿದಾಗುತ್ತದೆ.

ಇಲಿ, ಬಾವಲಿಗಳಂಥ ಪುಟ್ಟ ಪ್ರಾಣಿಗಳಲ್ಲಿ ಈ 21 ಸೆಕೆಂಡ್ ಇಲ್ಲ, ಧಾರೆಯೂ ಇಲ್ಲ. ಎರಡು ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ, ಹನಿಹನಿಯಾಗಿ. ಅಷ್ಟು ಸಣ್ಣ ನಾಳದ ಬಾಯಲ್ಲಿ ಭೂಮಿಯ ಸೆಳೆತಕ್ಕಿಂತ ಮೇಲ್ಮೈ ಎಳೆತ ದೊಡ್ಡದು. ದ್ರವ ಧಾರೆಯಾಗಿ ಇಳಿಯಲು ನೋಡುತ್ತದೆ, ಅಂಚು ಅದನ್ನು ಹಿಡಿದು ಗುಂಡಗೆ ಸುತ್ತುತ್ತದೆ, ತೂಕ ಕೂಡಿದ ಮೇಲೆ ಒಂದು ಹನಿ ಕಳಚಿ ಬೀಳುತ್ತದೆ. ಮೂರು ಕಿಲೋ ಬೆಕ್ಕು ಆನೆಯ ಕಡೆಗೆ ಸೇರಿತು, ಅದು ಹಿಡಿಯುವ ಇಲಿ ಇರುವೆಯ ಕಡೆಗೆ ಸೇರಿತು.